ರಾಗಿಗೆ ಇದೆ, ಈರುಳ್ಳಿಗೆ ಇಲ್ಲ: ಬೇರುರೋಮದ ಲೆಕ್ಕ

ಚಳ್ಳಕೆರೆಯ ಶೇಂಗಾ, ಚಿತ್ರದುರ್ಗದ ಈರುಳ್ಳಿ, ಹೊಸದುರ್ಗದ ತೆಂಗು, ಚನ್ನಗಿರಿಯ ಅಡಿಕೆ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಬೇರಿನ ಸುತ್ತ ದಟ್ಟವಾಗಿ ಕೂದಲು ಬರೆದ ಚಿತ್ರ ಇರುತ್ತದಲ್ಲ, ಅದನ್ನು ಪಕ್ಕದಲ್ಲಿಟ್ಟುಕೊಂಡು ಈ ನಾಲ್ಕರ ಬೇರು ನೋಡಿದರೆ ಚಿತ್ರಕ್ಕೂ ಬೇರಿಗೂ ತಾಳೆಯಾಗುವುದಿಲ್ಲ. ಅದೇ ಮೆಕ್ಕೆಜೋಳ, ರಾಗಿ, ಸಜ್ಜೆ, ಕಡಲೆ ನೋಡಿದರೆ ಚಿತ್ರ ಸರಿ. ದಾವಣಗೆರೆ–ಚಿತ್ರದುರ್ಗದ ಹೊಲಗಳಲ್ಲಿ ಎರಡೂ ಬಗೆಯ ಬೇರು ಅಕ್ಕಪಕ್ಕದಲ್ಲೇ ಸಿಗುತ್ತವೆ. ಹಾಗಾಗಿ ಆ ಕೂದಲು, ಅಂದರೆ ಬೇರುರೋಮ, ಏನು ಮಾಡುತ್ತದೆ ಎಂಬುದನ್ನೂ, ಅದಿಲ್ಲದ ಬೆಳೆ ಹೇಗೆ ಬದುಕುತ್ತದೆ ಎಂಬುದನ್ನೂ ಒಟ್ಟಿಗೇ ನೋಡುವುದು ಒಳ್ಳೆಯದು. ಗೊಬ್ಬರ ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಒಂದೇ ಕೋಶ

ಬೇರುರೋಮವನ್ನು ಸಣ್ಣ ಕವಲುಬೇರು ಎಂದುಕೊಂಡವರು ಬಹಳ. ಕವಲುಬೇರು ಹುಟ್ಟುವುದು ಬೇರಿನ ಒಳಗಿನ ಪೆರಿಸೈಕಲ್ ಪದರದಲ್ಲಿ. ಅಲ್ಲಿಂದ ಮೇಲಿನ ಪದರಗಳನ್ನು ಸೀಳಿಕೊಂಡು ಹೊರಬರುತ್ತದೆ. ಅದಕ್ಕೆ ತನ್ನದೇ ಕ್ಸೈಲಂ (ನೀರು ಸಾಗುವ ನಾಳ), ತನ್ನದೇ ಬೇರುಟೋಪಿ ಇರುತ್ತದೆ. ಬೇರುರೋಮವಾದರೋ ಹೊರಪದರದ ಒಂದೇ ಒಂದು ಕೋಶ. ಆ ಕೋಶದ ಹೊರಮೈ ಕೊಳವೆಯಾಗಿ ಮಣ್ಣಿನೊಳಕ್ಕೆ ಚಾಚಿಕೊಂಡಿರುತ್ತದೆ, ಅಷ್ಟೇ. ಬುಡಕ್ಕೂ ಕೊಳವೆಗೂ ನಡುವೆ ಅಡ್ಡಗೋಡೆ ಇಲ್ಲ. ಅಡ್ಡಗೆರೆ ಎಳೆದು ಎರಡು ಕೋಶ ಮಾಡಿದ ಚಿತ್ರಕ್ಕೆ ಅಂಕ ಕೊಡಬಾರದು.

ದಪ್ಪ ಸುಮಾರು 10 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ಉದ್ದ ಬೆಳೆಯಿಂದ ಬೆಳೆಗೆ ಬದಲಾಗುತ್ತದೆ, 0.1 ಮಿಲಿಮೀಟರಿನಿಂದ 1 ಮಿಲಿಮೀಟರ್ ದಾಟುವವರೆಗೂ ಇರಬಹುದು. ಕೋಶಭಿತ್ತಿ ತೆಳುವಾಗಿರುತ್ತದೆ. ಎಲೆಯ ಮೇಲಿರುವಂಥ ಮೇಣದ ದಪ್ಪ ಲೇಪ ಇಲ್ಲ; ಇದ್ದರೆ ನೀರು ಒಳಗೆ ಬರುವುದು ಹೇಗೆ? ಒಳಗೆ ಬಹುಪಾಲು ಜಾಗವನ್ನು ನೀರು ತುಂಬಿದ ಚೀಲವಾದ ರಸದಾನಿಯೇ ತುಂಬಿಕೊಂಡಿರುತ್ತದೆ, ಕೋಶದ್ರವ್ಯ ಭಿತ್ತಿಗೆ ಒತ್ತಿಕೊಂಡ ತೆಳು ಪದರ ಮಾತ್ರ. ಹರಿತ್ತು ಇಲ್ಲದ ಕಾರಣ ಸಕ್ಕರೆ ಎಲೆಯಿಂದಲೇ ಇಳಿದು ಬರಬೇಕು. ಅದನ್ನು ಉರಿಸಲು ಬೇಕಾದ ಆಮ್ಲಜನಕ ಮಣ್ಣಿನ ಸಂದುಗಳಿಂದ ಸಿಗಬೇಕು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ರೋಮ ಬೆಳೆಯುವುದು ತುದಿಯಲ್ಲಿ ಮಾತ್ರ. ಭಿತ್ತಿ ಕಟ್ಟುವ ಸಾಮಗ್ರಿ ತುಂಬಿದ ಪುಟ್ಟ ಚೀಲಗಳು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಹಾದಿಯಲ್ಲಿ ತುದಿಗೆ ಬಂದು ಅಲ್ಲಿ ಪೊರೆಯೊಡನೆ ಬೆರೆಯುತ್ತವೆ. ತುದಿಯ ಕೋಶದ್ರವ್ಯದಲ್ಲಿ ಕ್ಯಾಲ್ಸಿಯಂ ಪ್ರಮಾಣ ಉಳಿದ ಕಡೆಗಿಂತ ಹೆಚ್ಚು. ಆ ವ್ಯತ್ಯಾಸವನ್ನು ಅಳಿಸಿಬಿಟ್ಟರೆ ಬೆಳವಣಿಗೆ ನಿಲ್ಲುತ್ತದೆ. ಕೋಶಕೇಂದ್ರವೂ ಬುಡದಲ್ಲಿ ಕೂರದೆ, ತುದಿಯಿಂದ ಸ್ವಲ್ಪ ಹಿಂದೆ, ಅದರ ಜೊತೆಗೇ ಸಾಗುತ್ತದೆ. ಪ್ರಯೋಗಶಾಲೆಯಲ್ಲಿ ಹೆಚ್ಚು ಬಳಸುವ, ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಗಿಡದಲ್ಲಿ ವೇಗ ನಿಮಿಷಕ್ಕೆ 1ರಿಂದ 2 ಮೈಕ್ರೋಮೀಟರ್. ಆ ಲೆಕ್ಕದಲ್ಲಿ ಒಂದು ಮಿಲಿಮೀಟರಿಗೆ 8ರಿಂದ 16 ಗಂಟೆ. ಮುಂದಕ್ಕೆ ತಳ್ಳುವ ಬಲ ಒಳಗಿನ ನೀರಿನ ಒತ್ತಡದ್ದು. ಅದು 4ರಿಂದ 7 ಬಾರ್‌ವರೆಗೆ ಇರುತ್ತದೆ, ಬೈಕಿನ ಟೈರಿಗೆ ತುಂಬಿಸುವ ಗಾಳಿಗಿಂತ ಎರಡು ಮೂರು ಪಟ್ಟು.

ತುದಿ ಯಾಕೆ ಬೋಳು

ಬೇರಿನ ತುದಿಯಿಂದ ಹಿಂದಕ್ಕೆ ನೋಡುತ್ತ ಬಂದರೆ ಮೊದಲು ಬೇರುಟೋಪಿ, ಆಮೇಲೆ ಕೋಶ ವಿಭಜನೆಯಾಗುವ ವಲಯ, ಆಮೇಲೆ ಕೋಶಗಳು ಉದ್ದವಾಗುವ ವಲಯ. ಈ ಮೂರೂ ಬೋಳು. ರೋಮ ಶುರುವಾಗುವುದು ಉದ್ದವಾಗುವುದು ನಿಂತ ಮೇಲೆ. ಕಾರಣ ಸರಳ: ಉದ್ದವಾಗುವ ವಲಯ ಮಣ್ಣಿನಲ್ಲಿ ಮುಂದಕ್ಕೆ ಜಾರುತ್ತಿರುತ್ತದೆ, ಅಲ್ಲಿ ರೋಮ ಮೂಡಿದರೆ ಮಣ್ಣಿನ ಕಣಕ್ಕೆ ಸಿಕ್ಕಿ ಹರಿದುಹೋಗುತ್ತದೆ. ನಿಂತ ಜಾಗದಲ್ಲಿ ಮೂಡಿದ ರೋಮ ಮಣ್ಣನ್ನು ಹಿಡಿದುಕೊಳ್ಳುತ್ತದೆ, ಆ ಹಿಡಿತದ ಬಲದ ಮೇಲೆ ಮುಂದಿನ ತುದಿ ಮಣ್ಣಿಗೆ ನುಗ್ಗುತ್ತದೆ.

ರೋಮದ ಆಯುಸ್ಸು ಕೆಲವು ದಿನ, ಹೆಚ್ಚೆಂದರೆ ಎರಡು ಮೂರು ವಾರ. ಹಿಂದಿನವು ಸಾಯುತ್ತ ಮುಂದೆ ಹೊಸವು ಮೂಡುತ್ತ ಹೋಗುವುದರಿಂದ ರೋಮದ ಪಟ್ಟಿ ಮುಂದಕ್ಕೆ ಸರಿದಂತೆ ಕಾಣುತ್ತದೆ. ಬೇರಿನ ಬೆಳವಣಿಗೆ ನಿಂತರೆ ಹೊಸ ರೋಮವೂ ಇಲ್ಲ.

ಹೊರಪದರದ ಯಾವ ಕೋಶ ರೋಮವಾಗಬೇಕು ಎಂಬುದಕ್ಕೂ ನಿಯಮ ಇದೆ. ಅರಬಿಡಾಪ್ಸಿಸ್‌ನಲ್ಲಿ ಕೆಳಗಿನ ಎರಡು ಕಾರ್ಟೆಕ್ಸ್ (ಹೊರಪದರದ ಒಳಗಿನ ಪದರ) ಕೋಶಗಳ ಸಂದಿಯ ಮೇಲೆ ಕೂತ ಕೋಶಕ್ಕೆ ರೋಮ, ಒಂದೇ ಕೋಶದ ಮೇಲೆ ಕೂತದ್ದು ಬೋಳು. ಭತ್ತದಲ್ಲಿ ಕೋಶ ಅಸಮವಾಗಿ ಎರಡಾಗುತ್ತದೆ, ಸಣ್ಣದು ರೋಮವಾಗುತ್ತದೆ. ಮೆಕ್ಕೆಜೋಳದಲ್ಲಿ ಇಂಥ ಸಾಲುಗಟ್ಟು ಕಾಣುವುದಿಲ್ಲ.

ಎರಡು ಪರ್ಸೆಂಟ್ ಖರ್ಚು

ರೋಮದಿಂದ ಮೇಲ್ಮೈ ಹೆಚ್ಚುತ್ತದೆ ಎಂದು ಎಲ್ಲ ಪುಸ್ತಕವೂ ಹೇಳುತ್ತದೆ. ಎಷ್ಟು ಎಂದು ಲೆಕ್ಕ ಹಾಕಿ ನೋಡುವವರು ಕಡಿಮೆ. ಅರ್ಧ ಮಿಲಿಮೀಟರ್ ದಪ್ಪದ ಬೇರಿನ ಒಂದು ಮಿಲಿಮೀಟರ್ ತುಂಡು ತೆಗೆದುಕೊಳ್ಳಿ. ಅದರ ಮೇಲ್ಮೈ 1.57 ಚದರ ಮಿಮೀ. ಅದರ ಮೇಲೆ 10 ಮೈಕ್ರೋಮೀಟರ್ ದಪ್ಪದ, 1 ಮಿಮೀ ಉದ್ದದ 50 ರೋಮ ಇವೆ ಎಂದಿಟ್ಟುಕೊಳ್ಳಿ. ಒಂದೊಂದರ ಮೇಲ್ಮೈ 0.0314, ಐವತ್ತರದ್ದು ಸೇರಿ 1.57. ಅಂದರೆ ಮೇಲ್ಮೈ ಸರಿಯಾಗಿ ಎರಡರಷ್ಟು. ಇಷ್ಟೇನಾ ಅನ್ನಿಸಬಹುದು. ನಿಜವಾದ ಲಾಭ ಬೇರೆ ಕಡೆ ಇದೆ: ಬೇರಿನ ತ್ರಿಜ್ಯ 0.25 ಮಿಮೀ ಇದ್ದದ್ದು, ರೋಮದ ತುದಿಯವರೆಗೆ ಅಳೆದರೆ 1.25 ಮಿಮೀ ಆಯಿತು. ತ್ರಿಜ್ಯ ಐದು ಪಟ್ಟಾದರೆ ಅದು ಸುತ್ತುವರಿದ ಗಾತ್ರ 25 ಪಟ್ಟು. ಇದಕ್ಕೆಲ್ಲ ಗಿಡ ಕಟ್ಟಿದ ಹೆಚ್ಚುವರಿ ಸರಕು? ಐವತ್ತು ರೋಮದ ಒಟ್ಟು ಗಾತ್ರ 0.0039 ಘನ ಮಿಮೀ, ಬೇರಿನ ತುಂಡಿನದು 0.196. ನೂರಕ್ಕೆ ಎರಡು ಭಾಗ. ಅಷ್ಟೇ ದೂರದ ಮಣ್ಣನ್ನು ದಪ್ಪ ಬೇರು ಕಟ್ಟಿ ಮುಟ್ಟಲು ಹೊರಟರೆ ಗಿಡ ದಿವಾಳಿ.

ಇಡೀ ಗಿಡದ ಲೆಕ್ಕವನ್ನು 1937ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹೊವಾರ್ಡ್ ಡಿಟ್ಮರ್ ಪ್ರಕಟಿಸಿದರು. ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆಸಿದ ಒಂದೇ ರೈ (ಗೋಧಿಯಂಥ ಧಾನ್ಯ) ಗಿಡ. ಅದರಲ್ಲಿ ಸುಮಾರು 1,400 ಕೋಟಿ ಬೇರುರೋಮ, ಅವುಗಳ ಒಟ್ಟು ಮೇಲ್ಮೈ ಸುಮಾರು 400 ಚದರ ಮೀಟರ್. ಮಾದರಿ ಬೇರುಗಳನ್ನು ಎಣಿಸಿ ಗುಣಿಸಿದ ಅಂದಾಜು ಇದು, ಒಂದೊಂದಾಗಿ ಎಣಿಸಿದ್ದಲ್ಲ.

ನೀರಿಗಿಂತ ರಂಜಕಕ್ಕೆ

ನೈಟ್ರೇಟ್ (ಸಾರಜನಕದ ಕರಗಿದ ರೂಪ) ನೀರಿನ ಜೊತೆ ಹರಿದು ತಾನಾಗಿ ಬೇರಿನ ಹತ್ತಿರ ಬರುತ್ತದೆ. ರಂಜಕ ಹಾಗಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳಿಗೆ ಅಂಟಿಕೊಳ್ಳುತ್ತದೆ; ಸುಣ್ಣದಂಶ ಇರುವ ಎರೆ ಮಣ್ಣಿನಲ್ಲಿ ಅದನ್ನು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಮಣ್ಣಿನ ನೀರಿನಲ್ಲಿ ಕರಗಿದ ಸ್ಥಿತಿಯಲ್ಲಿ ಸಿಗುವುದು ಬಹಳ ಸ್ವಲ್ಪ, ಅದೂ ಮಿಲಿಮೀಟರುಗಳ ಲೆಕ್ಕದಲ್ಲಿ ಮಾತ್ರ ಸರಿಯುತ್ತದೆ. ಬೋಳು ಬೇರು ತನ್ನ ಸುತ್ತಲಿನ ಒಂದು ಮಿಲಿಮೀಟರ್ ಮಣ್ಣನ್ನು ಕೆಲವೇ ದಿನಗಳಲ್ಲಿ ಬರಿದು ಮಾಡಿ ಸುಮ್ಮನೆ ಕೂರಬೇಕಾಗುತ್ತದೆ. ರೋಮ ಆ ಬರಿದಾದ ವಲಯ ದಾಟಿ ಆಚೆಗೆ ಕೈ ಹಾಕುತ್ತದೆ. ಸತುವಿನ ಕಥೆಯೂ ಹೀಗೇ. ಬಾರ್ಲಿಯಲ್ಲಿ ಬೇರುರೋಮವೇ ಇಲ್ಲದ ಒಂದು ರೂಪಾಂತರ ತಳಿ ಇದೆ: ರಂಜಕ ಕಡಿಮೆ ಇರುವ ಮಣ್ಣಿನಲ್ಲಿ ಅದು ಸೊರಗುತ್ತದೆ, ರಂಜಕ ಧಾರಾಳವಾಗಿ ಕೊಟ್ಟರೆ ರೋಮವಿದ್ದ ತಳಿಯ ಸಮಕ್ಕೆ ಬರುತ್ತದೆ. ಗಿಡವೂ ಇದನ್ನು ಅರಿತು ನಡೆಯುತ್ತದೆ. ರಂಜಕ ಕೊರತೆ ಇದ್ದರೆ ರೋಮ ಉದ್ದ, ದಟ್ಟ. ಸಾಕಷ್ಟಿದ್ದರೆ ಗಿಡ್ಡ, ವಿರಳ.

"ಖನಿಜಗಳು ವಿಸರಣೆಯಿಂದ ಒಳಗೆ ಬರುತ್ತವೆ" ಎಂದು ಬರೆಸುವ ನೋಟ್ಸ್ ಇನ್ನೂ ಓಡಾಡುತ್ತಿವೆ. ವಿಸರಣೆ ಎಂದರೆ ಹೆಚ್ಚಿದ್ದ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹರಡುವುದು; ರಂಜಕದ ಮಟ್ಟಿಗೆ ಇದು ಪೂರ್ತಿ ತಪ್ಪು. ಕೋಶದ್ರವ್ಯದಲ್ಲಿ ಫಾಸ್ಫೇಟ್ (ಗಿಡ ಹೀರುವ ರಂಜಕದ ರೂಪ) ಸಾಂದ್ರತೆ ಮಣ್ಣಿನ ನೀರಿಗಿಂತ ಸಾವಿರ ಪಟ್ಟು ಹೆಚ್ಚಿರಬಹುದು, ವಿಸರಣೆಯಾದರೆ ಹೊರಗೆ ಹೋಗಬೇಕೇ ಹೊರತು ಒಳಗೆ ಬರುವಂತಿಲ್ಲ. ನಡೆಯುವುದು ಹೀಗೆ: ಕೋಶಪೊರೆಯ ಪಂಪುಗಳು ಎಟಿಪಿ (ಕೋಶ ಬಳಸುವ ಶಕ್ತಿಯ ಅಣು) ಖರ್ಚು ಮಾಡಿ ಪ್ರೋಟಾನುಗಳನ್ನು, ಅಂದರೆ ಧನ ಹೈಡ್ರೋಜನ್ ಅಯಾನುಗಳನ್ನು, ಹೊರಗೆ ದಬ್ಬುತ್ತವೆ. ಇದರಿಂದ ಹೊರಗೆ ಆಮ್ಲತೆ ಏರುತ್ತದೆ, ಒಳಗೆ ನೂರಕ್ಕೂ ಹೆಚ್ಚು ಮಿಲಿವೋಲ್ಟ್ ಋಣ ವಿಭವ ಏರ್ಪಡುತ್ತದೆ. ಹೊರಗೆ ಹೋದ ಪ್ರೋಟಾನು ವಾಪಸು ಬರುವಾಗ ಸಾಗಣೆ ಪ್ರೋಟೀನಿನ ಮೂಲಕ ಫಾಸ್ಫೇಟನ್ನು ಜೊತೆಗೆ ಎಳೆದು ತರುತ್ತದೆ. ನೈಟ್ರೇಟಿಗೂ ಇದೇ ದಾರಿ. ಸಕ್ಕರೆ ಇಲ್ಲ, ಆಮ್ಲಜನಕ ಇಲ್ಲ ಎಂದರೆ ಎಟಿಪಿ ಇಲ್ಲ; ಎಟಿಪಿ ಇಲ್ಲದಿದ್ದರೆ ಮಣ್ಣಿನಲ್ಲಿ ಗೊಬ್ಬರ ಎಷ್ಟಿದ್ದರೂ ಅಷ್ಟೇ.

ನೀರು ಬರುವುದು ಅಭಿಸರಣೆಯಿಂದ, ಅಂದರೆ ಪೊರೆ ದಾಟಿ ತಾನಾಗಿ ಸರಿಯುವುದರಿಂದ; ಇದಕ್ಕೆ ಪಂಪು ಬೇಡ. ರೋಮದಿಂದ ಕಾರ್ಟೆಕ್ಸ್, ಎಂಡೋಡರ್ಮಿಸ್ (ಕಾರ್ಟೆಕ್ಸಿನ ಒಳ ಅಂಚಿನ ಪದರ), ಕ್ಸೈಲಂ ಎಂಬ ದಾರಿ ಎಲ್ಲ ಪಠ್ಯದಲ್ಲೂ ಇದೆ. ಭಿತ್ತಿಗಳ ಸಂದಿಯಲ್ಲೇ ನುಸುಳಿ ಬಂದ ನೀರೂ ಎಂಡೋಡರ್ಮಿಸ್‌ನ ಭಿತ್ತಿಯಲ್ಲಿ ನೀರು ಬಿಡದ ಕ್ಯಾಸ್ಪೇರಿಯನ್ ಪಟ್ಟಿ ಅಡ್ಡ ಬಂದಾಗ ಅಲ್ಲಿ ಕೋಶಪೊರೆ ದಾಟಲೇಬೇಕು ಎಂಬುದಷ್ಟು ನೆನಪಿಟ್ಟರೆ ಸಾಕು. ಹದವಾದ ಮಣ್ಣಿನ ಜಲವಿಭವ (ಋಣ ಹೆಚ್ಚಾದಷ್ಟೂ ನೀರು ಹೀರುವುದು ಕಷ್ಟ) ಸುಮಾರು −0.03 ಮೆಗಾಪಾಸ್ಕಲ್, ಪೈರು ಬಾಡಿ ಚೇತರಿಸಿಕೊಳ್ಳದ ಹಂತ −1.5. ಮಣ್ಣು ಒಣಗುತ್ತ ಬಂದಾಗ ಬೇರು ಕುಗ್ಗಿ ಮಣ್ಣಿಗೂ ಅದಕ್ಕೂ ನಡುವೆ ಗಾಳಿಯ ಸಂದು ಬೀಳುತ್ತದೆ; ಆಗ ಸಂಪರ್ಕ ಕಡಿಯದಂತೆ ಹಿಡಿದಿರುವುದು ರೋಮಗಳೇ. ರಾಗಿ, ಸಜ್ಜೆ ಬುಡ ಕಿತ್ತು ಕೊಡವಿದರೂ ಬೇರಿಗೆ ತೋಳು ತೊಡಿಸಿದ ಹಾಗೆ ಮಣ್ಣು ಉಳಿಯುವುದು ರೋಮ ಮತ್ತು ಬೇರಿನ ಲೋಳೆಯ ಕೆಲಸ.

ನೋಡುವ ಬಗೆ

ರಾಗಿ ಅಥವಾ ಸಾಸಿವೆ ಸಾಕು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಮೂರು ಮಡಿಕೆ ಟಿಶ್ಯೂ ಪೇಪರ್ ಹಾಸಿ, ನೆನೆಸಿ, ಹೆಚ್ಚಿನ ನೀರನ್ನು ಬಗ್ಗಿಸಿ ಸುರಿದುಬಿಡಿ. ನೀರು ನಿಂತರೆ ರೋಮ ಸರಿಯಾಗಿ ಮೂಡುವುದಿಲ್ಲ. ರೋಮ ಚೆನ್ನಾಗಿ ಬರುವುದು ತೇವದ ಗಾಳಿಯಲ್ಲಿ. ಬೀಜಗಳನ್ನು ಒಂದೊಂದು ಸೆಂಟಿಮೀಟರ್ ಅಂತರದಲ್ಲಿಟ್ಟು ಮುಚ್ಚಿ. ಎರಡು ಮೂರು ದಿನ ಪದೇ ಪದೇ ತೆರೆಯಬೇಡಿ. ತೆರೆದು ಫ್ಯಾನಿನ ಗಾಳಿಗಿಟ್ಟರೆ ರೋಮ ಸೆಕೆಂಡುಗಳಲ್ಲಿ ಮುದುಡುತ್ತದೆ.

ಮೊದಲು ಕಪ್ಪು ಕಾಗದದ ಮೇಲಿಟ್ಟು 10 ಪಟ್ಟಿನ ಮಸೂರದಲ್ಲಿ ನೋಡಿ. ಬೇರಿನ ಸುತ್ತ ಬಿಳಿ ನವಿರು ಕಂಡ ಕೂಡಲೇ ಬೂಸ್ಟು ಎಂದು ಬೀಜ ಎಸೆಯುವವರಿದ್ದಾರೆ. ಗುರುತು ಸುಲಭ: ರೋಮ ಬೇರಿನ ಒಂದು ಪಟ್ಟಿಯಲ್ಲಿ ಮಾತ್ರ ಇರುತ್ತದೆ, ನೆಟ್ಟಗೆ ನಿಂತಿರುತ್ತದೆ, ತುದಿ ಬೋಳು, ಕವಲಿಲ್ಲ. ಬೂಸ್ಟು ಬೀಜದ ಸಿಪ್ಪೆಯ ಮೇಲೂ ಕಾಗದದ ಮೇಲೂ ಹಬ್ಬುತ್ತದೆ, ಎಳೆ ಕವಲೊಡೆದು ಹೆಣೆದುಕೊಂಡಿರುತ್ತದೆ.

ಸ್ಲೈಡಿಗೆ ಸಸಿಯನ್ನು ಚಿಮಟದಲ್ಲಿ ಬೀಜದ ಕಡೆಯಿಂದ ಹಿಡಿಯಿರಿ, ಬೇರನ್ನು ಮುಟ್ಟಬೇಡಿ. ಸ್ಲೈಡಿನ ಮೇಲೆ ಮೊದಲೇ ನೀರಿನ ಹನಿ ಇರಲಿ. ತುದಿಯ ಒಂದು ಸೆಂಟಿಮೀಟರ್ ಅದರಲ್ಲಿ ಮಲಗಿಸಿ ಕತ್ತರಿಸಿ, ಕವರ್‌ಸ್ಲಿಪ್ಪನ್ನು ಒಂದು ಅಂಚಿನಿಂದ ನಿಧಾನಕ್ಕೆ ಇಳಿಸಿ. ಒತ್ತಿದರೆ, ಎಳೆದರೆ ರೋಮ ಮುರಿಯುತ್ತದೆ. ಬಣ್ಣ ಹಾಕದ ರೋಮ ಗಾಜಿನಷ್ಟು ಪಾರದರ್ಶಕ, ಪೂರ್ತಿ ಬೆಳಕಿನಲ್ಲಿ ಕಾಣುವುದೇ ಇಲ್ಲ. ಕಂಡೆನ್ಸರಿನ ಡಯಾಫ್ರಮ್ ಕಿರಿದು ಮಾಡಿ. 10ರ ಆಬ್ಜೆಕ್ಟಿವ್‌ನಲ್ಲಿ ಶುರು ಮಾಡಿ 40ಕ್ಕೆ ಹೋಗಿ. ಅಳತೆ ಬೇಕಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಅದೇ ಜಾಗದಲ್ಲಿಟ್ಟು ದೃಷ್ಟಿಕ್ಷೇತ್ರದ ಅಡ್ಡಳತೆ ನೋಡಿಕೊಳ್ಳಿ; 10ರ ಆಬ್ಜೆಕ್ಟಿವ್‌ನಲ್ಲಿ ಸಾಮಾನ್ಯವಾಗಿ 1.8 ಮಿಮೀ ಆಸುಪಾಸು ಬರುತ್ತದೆ.

ಈಗ 100 ಮಿಲಿ ನೀರಿಗೆ 5 ಗ್ರಾಂ ಉಪ್ಪು ಕರಗಿಸಿ, ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಒಂದು ಹನಿ ಬಿಟ್ಟು ಎದುರು ಅಂಚಿನಿಂದ ಫಿಲ್ಟರ್ ಪೇಪರಿನಲ್ಲಿ ಎಳೆಯಿರಿ. ಕೆಲವೇ ನಿಮಿಷದಲ್ಲಿ ಕೋಶಪೊರೆ ಭಿತ್ತಿ ಬಿಟ್ಟು ಒಳಕ್ಕೆ ಸರಿಯುತ್ತದೆ. ಭಿತ್ತಿ ಹಾಗೇ ನಿಂತಿರುತ್ತದೆ, ಒಳಗಿನದು ಮುದ್ದೆಯಾಗಿರುತ್ತದೆ. ತಡಮಾಡದೆ ನೀರು ಹಾಯಿಸಿದರೆ ಕೆಲವು ಕೋಶ ಮತ್ತೆ ತುಂಬಿಕೊಳ್ಳುತ್ತವೆ, ಉಳಿದವು ಸತ್ತವು.

ಹೊಲದಲ್ಲಿ ಕೆಡುವುದು

ಬೀಜಕ್ಕೆ ತಾಗಿದಂತೆ ಯೂರಿಯಾ ಅಥವಾ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) ಬಿದ್ದಾಗ ಆಗುವುದರಲ್ಲಿ ಒಂದು ಭಾಗ ಆ ಸ್ಲೈಡಿನಲ್ಲಿ ಕಂಡದ್ದೇ: ಹೊರಗಿನ ಉಪ್ಪು ಕೋಶದ ನೀರನ್ನು ಎಳೆದುಕೊಳ್ಳುತ್ತದೆ. ಇನ್ನೊಂದು ಭಾಗ ಅಮೋನಿಯಾದ ವಿಷ, ಸುಣ್ಣದಂಶದ ಎರೆಯಲ್ಲಿ ಇದು ಜಾಸ್ತಿ. ಮೆಕ್ಕೆಜೋಳಕ್ಕೆ ಡಿಎಪಿ ಬೀಜದಿಂದ 5 ಸೆಂಮೀ ಪಕ್ಕ, 5 ಸೆಂಮೀ ಕೆಳಗೆ ಬೀಳಬೇಕು. ಬೀಜ ಮತ್ತು ಗೊಬ್ಬರಕ್ಕೆ ಬೇರೆ ಬೇರೆ ಕೊಳವೆ ಇರುವ ಕೂರಿಗೆ ಬಳಸುವುದು ಇದಕ್ಕೇ. ತಿಂಗಳ ಪೈರಿಗೆ ಮೇಲಿನಿಂದ ಡಿಎಪಿ ಚೆಲ್ಲುವ ರೂಢಿ ನಮ್ಮ ಕಡೆ ಬಿಡುತ್ತಲೇ ಇಲ್ಲ. ಅದರಲ್ಲಿರುವ ಸಾರಜನಕ ಕೆಳಗಿಳಿಯುತ್ತದೆ, ರಂಜಕ ಬಿದ್ದ ಜಾಗದಲ್ಲೇ ಕೂರುತ್ತದೆ. ಒಣಗಿದ ಮೇಲ್ಮಣ್ಣಿನಲ್ಲಿ ಅದನ್ನು ಹೀರಲು ಜೀವಂತ ರೋಮ ಎಲ್ಲಿದೆ? ಸತುವಿನ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸುವುದೂ ದಂಡ, ಎರಡೂ ಸೇರಿ ಕರಗದ ಸತುವಿನ ಫಾಸ್ಫೇಟ್ ಆಗುತ್ತದೆ. ಎಕರೆಗೆ 10 ಕೆಜಿ ಸತುವಿನ ಸಲ್ಫೇಟನ್ನು ಪ್ರತ್ಯೇಕವಾಗಿ ಕೊಡಬೇಕು. ಅದಕ್ಕೂ ಮೊದಲು ಮಣ್ಣು ಪರೀಕ್ಷೆ; ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ (ಕೆವಿಕೆ), ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ಸಂಶೋಧನಾ ಕೇಂದ್ರ ಇರುವುದು ಇಂಥ ಕೆಲಸಕ್ಕೇ.

ನೀರು ನಿಂತ ಹೊಲದಲ್ಲಿ ಮೆಕ್ಕೆಜೋಳ ಬಾಡುವುದನ್ನು ನೋಡಿ, ನೀರಿನಲ್ಲೇ ನಿಂತು ಬಾಡುವುದೇನು ಎಂದು ಅಚ್ಚರಿಪಡುತ್ತಾರೆ. ಮಣ್ಣಿನ ಸಂದು ನೀರಿನಿಂದ ತುಂಬಿದರೆ ಆಮ್ಲಜನಕ ಬೇಗ ಮುಗಿಯುತ್ತದೆ. ಎಟಿಪಿ ನಿಂತು ಕೋಶದ್ರವ್ಯ ಆಮ್ಲವಾಗುತ್ತದೆ, ಆಗ ಪೊರೆಯಲ್ಲಿರುವ ನೀರಿನ ದ್ವಾರಗಳು, ಅಂದರೆ ಅಕ್ವಾಪೋರಿನ್‌ಗಳು, ಮುಚ್ಚಿಕೊಳ್ಳುತ್ತವೆ. ಬಾಡಿತೆಂದು ಯೂರಿಯಾ ಎರಚಿದರೆ ಉಪಯೋಗವಿಲ್ಲ. ಮೊದಲು ಬಸಿಗಾಲುವೆ, ಹೊಸ ಬೇರು ಬಂದ ಮೇಲೆ ಗೊಬ್ಬರ. ಭದ್ರಾ ಅಚ್ಚುಕಟ್ಟಿನ ಭತ್ತ ಇದಕ್ಕೆ ಅಪವಾದ. ಅದರ ಕಾಂಡದಿಂದ ಬೇರಿಗೆ ಗಾಳಿ ಇಳಿಯಲು ಒಳದಾರಿ ಇದೆ. ಕೆಸರಿನಲ್ಲಿ ಕಬ್ಬಿಣ ಹಿಡಿದಿಟ್ಟ ರಂಜಕವೂ ಬಿಡುಗಡೆಯಾಗುವುದರಿಂದ ರೋಮ ಕಡಿಮೆಯಿದ್ದರೂ ನಡೆಯುತ್ತದೆ. ಅದೇ ಭತ್ತವನ್ನು ಒಣ ಬಿತ್ತನೆ ಮಾಡಿದರೆ ಈ ಅನುಕೂಲ ಇರುವುದಿಲ್ಲ.

ಮೆಣಸಿನಕಾಯಿ, ಟೊಮೆಟೊ ಸಸಿ ಕೀಳುವಾಗ ಹರಿದುಹೋದ ರೋಮ ಅದೇ ಕೋಶದಲ್ಲಿ ಮತ್ತೆ ಬೆಳೆಯುವುದಿಲ್ಲ. ಹೊಸ ಬೇರುತುದಿ ಬೆಳೆದು ಹೊಸ ರೋಮ ಬರುವವರೆಗೆ ಸಸಿ ಜೋಲುತ್ತದೆ. ಕೀಳುವ ಮೊದಲು ಮಡಿಗೆ ಚೆನ್ನಾಗಿ ನೀರು ಕೊಡಿ, ಕಿತ್ತದ್ದನ್ನು ಒದ್ದೆ ಗೋಣಿಚೀಲದಲ್ಲಿ ಮುಚ್ಚಿಡಿ, ಸಂಜೆ ನಾಟಿ ಮಾಡಿ. ಪ್ರೋಟ್ರೇ (ಗುಳಿಗಳಿರುವ ತಟ್ಟೆ) ಸಸಿಗೆ ಕೊಡುವ ಹೆಚ್ಚಿನ ದುಡ್ಡು ಮುಖ್ಯವಾಗಿ ಮುರಿಯದ ಈ ರೋಮಗಳಿಗೆ.

ರೋಮ ಇಲ್ಲದವರ ಸಂಸಾರ

ಈರುಳ್ಳಿ ಬೇರಿನಲ್ಲಿ ರೋಮ ಇಲ್ಲವೆನ್ನುವಷ್ಟು ವಿರಳ. ಕವಲೂ ಕಡಿಮೆ, ಬೇರು ಹೆಚ್ಚು ಆಳಕ್ಕೂ ಹೋಗುವುದಿಲ್ಲ. (ಕೋಶ ವಿಭಜನೆ ತೋರಿಸಲು ಗ್ಲಾಸಿನ ನೀರಿನ ಮೇಲೆ ಈರುಳ್ಳಿ ಕೂರಿಸುತ್ತಾರಲ್ಲ, ಅದೇ ಬೇರಿನಲ್ಲಿ ರೋಮ ತೋರಿಸಲು ಹೊರಟ ಪಾಠ ಕೆಡುವುದು ಖಚಿತ.) ರೋಮದ ಕೆಲಸವನ್ನು ಇಲ್ಲಿ ಮೈಕೊರೈಜಾ ಶಿಲೀಂಧ್ರ ವಹಿಸಿಕೊಂಡಿದೆ. ಅದರ ಎಳೆ ರೋಮಕ್ಕಿಂತ ಸಣ್ಣ, ಬೇರಿನಿಂದ ಸೆಂಟಿಮೀಟರುಗಳಷ್ಟು ದೂರ ಹೋಗುತ್ತದೆ, ರಂಜಕ ತಂದು ಕೊಟ್ಟು ಸಕ್ಕರೆ ಪಡೆಯುತ್ತದೆ. ರಂಜಕ ಸುರಿದಷ್ಟೂ ಈ ವ್ಯವಹಾರ ಕುಗ್ಗುತ್ತದೆ. ಆದ್ದರಿಂದ ಈರುಳ್ಳಿಗೆ ರಂಜಕ ಹಿತಮಿತವಾಗಿ, ಸಾಲಿನ ಹತ್ತಿರ, ಮೇಲ್ಪದರದಲ್ಲೇ ಸಿಗುವಂತೆ ಇರಬೇಕು. ಹೊಲದ ತುಂಬ ಎರಚಿದ್ದು ಅದಕ್ಕೆ ಎಟುಕುವುದಿಲ್ಲ.

ಶೇಂಗಾ ಇನ್ನೂ ವಿಚಿತ್ರ. ಹಿಂಗಾರಿನ ಕಡಲೆಯಲ್ಲಿ, ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕ ಕಟ್ಟಿಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾ ಒಳಗೆ ಹೋಗುವ ಬಾಗಿಲೇ ಬೇರುರೋಮ: ಬ್ಯಾಕ್ಟೀರಿಯಾದ ಸಂಕೇತಕ್ಕೆ ರೋಮದ ತುದಿ ಕೊಕ್ಕೆಯಾಗಿ ಸುತ್ತಿಕೊಂಡು ಅದನ್ನು ಹಿಡಿಯುತ್ತದೆ, ಅಲ್ಲಿಂದ ಒಳಕ್ಕೆ ಸೋಂಕುನಾಳ ಇಳಿಯುತ್ತದೆ. ಶೇಂಗಾ ಬೇರಿನಲ್ಲಿ ಕಡಲೆಯ ಹಾಗೆ ಉದ್ದಕ್ಕೂ ರೋಮ ಇಲ್ಲ, ಇರುವ ಗೊಂಚಲು ಕವಲುಬೇರಿನ ಬುಡದಲ್ಲಿ. ಕವಲು ಹೊರಪದರ ಸೀಳಿಕೊಂಡು ಬರುವಾಗ ಆದ ಬಿರುಕಿನಲ್ಲೇ ಬ್ಯಾಕ್ಟೀರಿಯಾ ನುಸುಳುತ್ತದೆ. 40 ದಿನದ ಗಿಡವನ್ನು ಸಲಿಕೆಯಿಂದ ಎತ್ತಿ, ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ತೊಳೆದು ನೋಡಿ: ಗಂಟುಗಳೆಲ್ಲ ಕವಲಿನ ಕಂಕುಳಲ್ಲೇ ಕೂತಿರುತ್ತವೆ. ಉಗುರಿನಲ್ಲಿ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಸಾರಜನಕ ಕಟ್ಟುತ್ತಿದೆ, ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಬೀಜೋಪಚಾರದಲ್ಲಿ ಶಿಲೀಂಧ್ರನಾಶಕ ಮೊದಲು, ರೈಜೋಬಿಯಂ ಕೊನೆಗೆ, ನೆರಳಿನಲ್ಲಿ, ಬಿತ್ತುವ ಹೊತ್ತಿಗೆ. ಕಾಯಿಗೆ ಬೇಕಾದ ಕ್ಯಾಲ್ಸಿಯಂ ಅಂತೂ ಬೇರಿನಿಂದ ಹೋಗುವುದೇ ಇಲ್ಲ ಎನ್ನಬೇಕು. ಕ್ಯಾಲ್ಸಿಯಂ ಸಾಗುವುದು ಕ್ಸೈಲಂ ನೀರಿನ ಜೊತೆ, ಎಲೆಯ ಕಡೆಗೆ. ನೆಲದೊಳಗಿನ ಕಾಯಿಯಿಂದ ನೀರು ಆವಿಯಾಗದ ಕಾರಣ ಅದು ಅಲ್ಲಿಗೆ ತಿರುಗುವುದಿಲ್ಲ. ಕಾಯಿಯ ಸಿಪ್ಪೆಯೇ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಎಕರೆಗೆ 200 ಕೆಜಿ ಜಿಪ್ಸಂ ಅನ್ನು ಹೂವಿನಿಂದ ಹೊರಟು ಕಾಯಿಯಾಗುವ ಸೂಜಿ ನೆಲಕ್ಕಿಳಿಯುವ ಹೊತ್ತಿಗೆ ಗಿಡದ ಬುಡದಲ್ಲೇ ಕೊಡುವುದು ಅದಕ್ಕೇ.

ತೆಂಗಿಗೆ ಬೇರುರೋಮ ಇಲ್ಲ. ತಾಳೆ ಕುಟುಂಬದಲ್ಲಿ ಇದು ಸಾಮಾನ್ಯ, ಅಡಿಕೆಯೂ ಅದೇ ಕುಟುಂಬ. ಹೀರುವುದು ಸಣ್ಣ ಬೇರುಗಳ ತುದಿಯ ಹಿಂದಿರುವ ಮೆತ್ತನೆಯ ಬಿಳಿ ಭಾಗ. ಅದರಿಂದ ಹಿಂದಕ್ಕೆ ಬೇರು ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಅಲ್ಲಿ ಹೀರುವಿಕೆ ತೀರ ಕಡಿಮೆ. ಆದ್ದರಿಂದ ಬೊಡ್ಡೆಗೆ ಒತ್ತಿ ಗೊಬ್ಬರ ಹಾಕಿದರೆ ಅದು ಗಟ್ಟಿ ಬೇರಿನ ಮೇಲೆ ಬೀಳುತ್ತದೆ. ತೆಂಗಿಗೆ 1.8 ಮೀಟರ್, ಅಂದರೆ ಆರಡಿ ತ್ರಿಜ್ಯದ ಪಾತಿ ಮಾಡಿ ಅದರೊಳಗೆ ಹರಡಬೇಕು. ಅಡಿಕೆಗೆ ಮುಕ್ಕಾಲರಿಂದ ಒಂದು ಮೀಟರ್ ಸಾಕು. ಸಾಲಿನ ನಡುವೆ ರೋಟವೇಟರ್ ಆಳಕ್ಕೆ ಓಡಿಸಿದಾಗ ಮೊದಲು ತುಂಡಾಗುವುದು ಈ ಬಿಳಿ ತುದಿಗಳೇ. ರಾಗಿಯಂತೆ ಬೇರಿನಲ್ಲಿ ಹೊಸ ಹೊಸ ರೋಮ ಮೂಡಿಸಿಕೊಂಡು ಸುಧಾರಿಸಿಕೊಳ್ಳುವ ದಾರಿ ಅಡಿಕೆಗಿಲ್ಲ, ಹೊಸ ಬೇರೇ ಬರಬೇಕು. ಕಳೆಗೆ ಮೇಲಿಂದ ಮೇಲೆ ಹುಲ್ಲು ಕತ್ತರಿಸುವ ಯಂತ್ರ ಹಾಕಿ, ಕತ್ತರಿಸಿದ್ದನ್ನು ಅಲ್ಲೇ ಹೊದಿಕೆಯಾಗಿ ಬಿಟ್ಟರೆ ಸಾಕು.